ಗಜನಿ ಮೇಲೆ ಹೆದ್ದಾರಿ ಬಂದರೆ: ಲಾಭ-ನಷ್ಟ ತೂಗಿ ನೋಡುವುದು ಹೇಗೆ?

ಒಂದು ದಿನ ಬೆಳಿಗ್ಗೆ ಹೋದರೆ ಗಜನಿಯ, ಅಂದರೆ ಉಬ್ಬರದ ಉಪ್ಪುನೀರು ಬರುವ ತಗ್ಗು ಗದ್ದೆಯ, ಬದುವಿನ ಮೇಲೆ ಬಣ್ಣ ಬಳಿದ ಕಲ್ಲು ನಿಂತಿರುತ್ತದೆ. ಯಾರು ನೆಟ್ಟರು, ಯಾವಾಗ ನೆಟ್ಟರು, ಸರಿಯಾಗಿ ಯಾರಿಗೂ ಗೊತ್ತಿರುವುದಿಲ್ಲ. ಸಂಜೆಯಾಗುವುದರೊಳಗೆ ಊರಿನಲ್ಲಿ ಎರಡು ಪಕ್ಷ. ಹೆದ್ದಾರಿ ಬಂದರೆ ಊರು ಉದ್ಧಾರ ಅನ್ನುವವರು ಒಂದು ಕಡೆ, ಎಲ್ಲಾ ಹಾಳಾಗಿ ಹೋಯಿತು ಅನ್ನುವವರು ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ಒಂದೇ ಒಂದು ಅಂಕಿ ಇರುವುದಿಲ್ಲ.

ಆ ಅಂಕಿಗಳನ್ನು ನಾವೇ ಹುಡುಕಿಕೊಳ್ಳುವ ದಾರಿ ಇಲ್ಲಿದೆ. ಇದಕ್ಕೆ ಇಂಜಿನಿಯರ್ ಆಗಿರಬೇಕಿಲ್ಲ. ಒಂದು ನೋಟ್‌ಬುಕ್, ಒಂದು ಬಿದಿರು ಕೋಲು, ಕ್ಯಾಮೆರಾ ಇರುವ ಫೋನು, ಜೊತೆಗೆ ಒಂದು ಮಳೆಗಾಲ ಕಾಯುವ ತಾಳ್ಮೆ ಇದ್ದರೆ ಸಾಕು. ಉದಾಹರಣೆಗೆ ಅಘನಾಶಿನಿ ಅಳಿವೆಯನ್ನು ಇಟ್ಟುಕೊಳ್ಳುತ್ತೇನೆ. ಕುಮಟಾ ದಾಟಿ ಅಂಕೋಲಾ ಕಡೆ ಹೋಗುವಾಗ ಹೆದ್ದಾರಿ 66 ಈ ನದಿಯನ್ನು ದಾಟುತ್ತದೆ. 2024ರ ಜನವರಿಯಲ್ಲಿ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಕಗ್ಗ ಭತ್ತ, ಸಿಗಡಿ, ಬಳಚು (ಚಿಪ್ಪು ಮೀನು), ಕಾಂಡ್ಲಾ (ಮ್ಯಾಂಗ್ರೋವ್), ಸಾಣಿಕಟ್ಟಾದ ಉಪ್ಪು ಎಲ್ಲವೂ ಒಂದೇ ನೀರನ್ನು ನಂಬಿಕೊಂಡಿರುವ ಜಾಗ ಇದು. ನಿಮ್ಮ ಊರಿನದು ಕೆರೆಯಂಗಳ ಇರಬಹುದು, ಹಿನ್ನೀರು ಇರಬಹುದು, ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಬಯಲು ಇರಬಹುದು. ವಿಧಾನ ಒಂದೇ.

1. ಕಾಗದದ ಜೌಗು ಯಾವುದು, ಕಾಲು ಹೂತುಹೋಗುವ ಜೌಗು ಯಾವುದು

ಮೊದಲು ರಸ್ತೆಯ ನಕ್ಷೆ ಸಂಪಾದಿಸಿ. ಭೂಸ್ವಾಧೀನದ ಅಧಿಸೂಚನೆಯಲ್ಲಿ ಸರ್ವೆ ನಂಬರುಗಳು ಇರುತ್ತವೆ. ನಮ್ಮ ರಾಜ್ಯದಲ್ಲಿ ದಿಶಾಂಕ್ ಆ್ಯಪ್ ತೆರೆದು ಆ ನಂಬರುಗಳ ಮೇಲೆ ನಿಂತು ನೋಡಬಹುದು. ಅಧಿಸೂಚನೆ ಇನ್ನೂ ಬಂದಿಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಹೆದ್ದಾರಿ ಹೋಗುವ ಗೆರೆಯ ನಕ್ಷೆ (ಅಲೈನ್‌ಮೆಂಟ್) ಕೇಳಿ.

ನಕ್ಷೆ ಸಿಕ್ಕ ಮೇಲೆ ಒಂದು ತಮಾಷೆ ಗೊತ್ತಾಗುತ್ತದೆ. ನೀವು ಚಿಕ್ಕಂದಿನಿಂದ ಜೌಗು ಎಂದು ತಿಳಿದಿದ್ದ ನೆಲ ಕಾನೂನಿನ ಪ್ರಕಾರ ಜೌಗೇ ಅಲ್ಲದಿರಬಹುದು. ರಾಮ್ಸಾರ್ ಒಪ್ಪಂದದ ವ್ಯಾಖ್ಯಾನ ಬಹಳ ಅಗಲ. ಸಿಹಿನೀರೋ ಉಪ್ಪುನೀರೋ, ನಿಂತದ್ದೋ ಹರಿಯುವುದೋ, ಮನುಷ್ಯರು ಮಾಡಿದ್ದೋ ತಾನಾಗಿ ಆದದ್ದೋ ಎಲ್ಲವೂ ಅದರೊಳಗೆ ಬರುತ್ತವೆ. ಆದರೆ ನಮ್ಮ ದೇಶದ 2017ರ ಜೌಗು ಪ್ರದೇಶ ನಿಯಮಗಳು ನದಿಯ ಪಾತ್ರವನ್ನು, ಭತ್ತದ ಗದ್ದೆಯನ್ನು, ಉಪ್ಪಿನ ಆಗರವನ್ನು, ಮೀನು-ಸಿಗಡಿ ಸಾಕಣೆಗೆ ಮಾಡಿದ ಹೊಂಡವನ್ನು, ನೀರಾವರಿಗೆಂದೇ ಕಟ್ಟಿದ ಕೆರೆಯನ್ನು ಹೊರಗಿಡುತ್ತವೆ. ಗಜನಿ ಏನು ಹಾಗಾದರೆ? ಮಳೆಗಾಲದಲ್ಲಿ ಭತ್ತದ ಗದ್ದೆ, ಉಳಿದ ತಿಂಗಳು ಸಿಗಡಿ ಹೊಂಡ. ಎರಡು ಲೆಕ್ಕದಲ್ಲೂ ಅದು ಪಟ್ಟಿಯಿಂದ ಹೊರಗೆ ಬೀಳುವ ಅಪಾಯ ಇದೆ, ನೋಡಿ.

ಆದ್ದರಿಂದ ನಕ್ಷೆಯ ಮೇಲೆ ಒಂದೊಂದು ತುಂಡನ್ನೂ ಬೇರೆ ಬಣ್ಣದಲ್ಲಿ ಗುರುತಿಸಿ. ಯಾವುದು ರಾಮ್ಸಾರ್ ಗಡಿಯೊಳಗೆ, ಯಾವುದು ಅರಣ್ಯ, ಯಾವುದು ಕರಾವಳಿ ನಿಯಂತ್ರಣ ವಲಯ, ಯಾವುದು ಪಟ್ಟಾ ಜಮೀನು. 2019ರ ಕರಾವಳಿ ವಲಯ ಅಧಿಸೂಚನೆಯಲ್ಲಿ ಕಾಂಡ್ಲಾ ಇರುವ ಜಾಗಕ್ಕೆ ಅತಿ ಹೆಚ್ಚಿನ ರಕ್ಷಣೆ. ಅಲ್ಲಿ ರಸ್ತೆ ಮಾಡುವುದು ವಿಶೇಷ ಸಂದರ್ಭಗಳಲ್ಲಿ ಮಾತ್ರ. ಕಡಿದರೆ ಕನಿಷ್ಠ ಮೂರು ಪಟ್ಟು ಜಾಗದಲ್ಲಿ ಮತ್ತೆ ನೆಡಬೇಕು. ಯಾವ ಬಣ್ಣವೂ ಬೀಳದೆ ಬಿಳಿಯಾಗಿ ಉಳಿದ ಜೌಗು ಎಷ್ಟಿದೆ ನೋಡಿ. ನಿಮ್ಮ ಕೆಲಸ ಜಾಸ್ತಿ ಇರುವುದು ಅಲ್ಲೇ. ಅದರ ಪರವಾಗಿ ಯಾವ ಕಾಗದವೂ ಮಾತಾಡುವುದಿಲ್ಲ.

ಒಂದು ಸಣ್ಣ ಲೆಕ್ಕ ಈಗಲೇ ಬರೆದುಕೊಳ್ಳಿ. 60 ಮೀಟರ್ ಅಗಲದ ಜಾಗ ಬೇಕು ಅಂದರೆ ಒಂದು ಕಿಲೋಮೀಟರಿಗೆ 6 ಹೆಕ್ಟೇರ್, ಹತ್ತಿರ ಹತ್ತಿರ 15 ಎಕರೆ. ಯೋಜನೆಯ ಪರಿಸರ ವರದಿಯಲ್ಲಿ ನಷ್ಟ ಎಂದು ಕಾಣುವುದು ಸಾಮಾನ್ಯವಾಗಿ ಇಷ್ಟೇ. ನಿಜವಾದ ನಷ್ಟ ಈ 15 ಎಕರೆಯಲ್ಲಿ ಮುಗಿಯುತ್ತದಾ ಅನ್ನುವುದೇ ಪ್ರಶ್ನೆ.

2. ನೀರಿನ ಹಿಂದೆ ನಡೆಯಿರಿ

ಬೇರೆ ಏನು ಬಿಟ್ಟರೂ ಈ ಹೆಜ್ಜೆ ಬಿಡಬೇಡಿ. ಬಯಲುಸೀಮೆಯ ಒಣ ನೆಲದಲ್ಲಿ ರಸ್ತೆ ಅಂದರೆ ಬರೀ ರಸ್ತೆ. ಜೌಗಿನಲ್ಲಿ ರಸ್ತೆ ಅಂದರೆ ಅಣೆಕಟ್ಟು. ಎರಡು-ಮೂರು ಮೀಟರ್ ಮಣ್ಣು ಏರಿಸಿ, ಮೇಲೆ ಟಾರು ಹಾಕಿ, ನಡುವೆ ಅಲ್ಲಲ್ಲಿ ಮೋರಿ ಇಡುತ್ತಾರೆ. ಮೊದಲು ಇಡೀ ಬಯಲಿನ ಅಗಲಕ್ಕೆ ಹರಡಿ ಹೋಗುತ್ತಿದ್ದ ನೀರು ಈಗ ಆ ಮೋರಿಗಳಲ್ಲೇ ಹೋಗಬೇಕು. ಒಂದು ಕಿಲೋಮೀಟರ್ ಉದ್ದದ ಏರಿಯಲ್ಲಿ ತಲಾ 2 ಮೀಟರ್ ಅಗಲದ ಐದು ಮೋರಿ ಇಟ್ಟರು ಅಂದುಕೊಳ್ಳಿ. ನೀರಿಗೆ ಉಳಿದ ಬಾಗಿಲು 10 ಮೀಟರ್. ಸಾವಿರಕ್ಕೆ ಹತ್ತು, ಅಂದರೆ ನೂರಕ್ಕೆ ಒಂದು.

ಹಾಗಂತ ಮೋರಿ ಅಗಲ ಮಾಡಿದರೆ ಎಲ್ಲ ಸರಿ ಅಂತಲೂ ಅಲ್ಲ. ಮೋರಿಯ ತಳ ಎಷ್ಟು ಎತ್ತರದಲ್ಲಿದೆ ಅನ್ನುವುದು ಅಷ್ಟೇ ಮುಖ್ಯ. ಗಜನಿಯ ಕಟ್ಟೆಯಲ್ಲಿ ಜಂತ್ರಡಿ, ಅಂದರೆ ನೀರು ಬಿಡುವ-ತಡೆಯುವ ಬಾಗಿಲು, ಇಟ್ಟ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಉಬ್ಬರದ ಉಪ್ಪುನೀರು ಬೇಕಾದಾಗ ಒಳಗೆ ಬರಬೇಕು, ಬೇಡವಾದಾಗ ನಿಲ್ಲಬೇಕು, ಇಳಿತದಲ್ಲಿ ಮಳೆನೀರು ಪೂರ್ತಿ ಹೊರಗೆ ಹೋಗಬೇಕು. ಮೋರಿಯ ತಳ ಗದ್ದೆಗಿಂತ ಒಂದು ಗೇಣು ಮೇಲೆ ಕೂತರೆ ಆ ಒಂದು ಗೇಣು ನೀರು ಒಳಗೇ ನಿಲ್ಲುತ್ತದೆ. ಕಗ್ಗ ಭತ್ತ ಉಪ್ಪನ್ನೂ ತಡೆಯುತ್ತದೆ, ಕೆಲವು ದಿನ ಮುಳುಗಿದರೂ ತಡೆಯುತ್ತದೆ. ಆದರೆ ಅದಕ್ಕೂ ಒಂದು ಮಿತಿ ಇದೆ. ಬಳಚಿನ ಕಥೆಯೂ ಅದೇ. ಉಪ್ಪು-ಸಿಹಿಯ ಹದ ತಪ್ಪಿದರೆ, ಮೇಲಿನಿಂದ ಕೆಂಪು ಹೂಳು ಬಂದು ಕೂತರೆ ಅದು ಬದುಕುವುದಿಲ್ಲ.

ಈಗ ಕೋಲಿನ ಕೆಲಸ. ಬಿದಿರಿಗೆ ಹತ್ತು ಸೆಂಟಿಮೀಟರಿಗೆ ಒಂದರಂತೆ ಬಣ್ಣದ ಗೆರೆ ಎಳೆಯಿರಿ. ರಸ್ತೆ ಬರುವ ಗೆರೆಯ ಮೇಲ್ಗಡೆ ಒಂದು, ಕೆಳಗಡೆ ಒಂದು ನೆಡಿ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ, ನಡುವಿನ ದಿನಗಳ ಸಣ್ಣ ಉಬ್ಬರದಲ್ಲಿ, ಜೋರು ಮಳೆಯ ಮಾರನೆ ದಿನ, ಹೀಗೆ ನೀರು ಎಲ್ಲಿಗೆ ಬಂತು, ಎಷ್ಟು ಹೊತ್ತಿಗೆ ಇಳಿಯಿತು ಎಂದು ಬರೆಯಿರಿ. ಎತ್ತರಕ್ಕಿಂತ ಇಳಿಯಲು ಹಿಡಿದ ಸಮಯ ಮುಖ್ಯ. ಪ್ರತಿ ಸಲ ಒಂದು ಫೋಟೊ ತೆಗೆಯಿರಿ, ದಿನಾಂಕ ಸಮೇತ. ಕೆರೆ-ಬಯಲಿನವರು ಉಬ್ಬರ ಬಿಟ್ಟು ಮಳೆಯದ್ದಷ್ಟೇ ಬರೆದರೆ ಸಾಕು. ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ ದೊಡ್ಡ ನೆರೆ ಬಂದಾಗ ನೀರು ಎಲ್ಲಿ ಮುಟ್ಟಿತ್ತು ಎಂದು ತೋರಿಸಲು ಹೇಳಿ. ದೇವಸ್ಥಾನದ ಮೆಟ್ಟಿಲು, ಶಾಲೆಯ ಗೋಡೆ, ತೆಂಗಿನ ಮರದ ಬುಡ, ಹೀಗೆ ಗುರುತು ಸಿಗುತ್ತದೆ. 2017ರ ನಿಯಮ ಅನ್ವಯವಾಗುವ ಜೌಗಾದರೆ, ನಿಯಮ ಜಾರಿಯಾಗುವ ಹಿಂದಿನ ಹತ್ತು ವರ್ಷದ ಸರಾಸರಿ ನೆರೆ ಮಟ್ಟದಿಂದ 50 ಮೀಟರ್ ಒಳಗೆ ಕಾಯಂ ಕಟ್ಟಡ ಕಟ್ಟುವಂತಿಲ್ಲ. ಆಗ ಈ ಗುರುತುಗಳಿಗೆ ನೇರ ಬೆಲೆ ಬರುತ್ತದೆ.

ನೀರಿನ ದಾರಿ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಫ್ಲೋರಿಡಾದಲ್ಲಿ ಒಂದು ದೊಡ್ಡ ಪಾಠ ಇದೆ. ಟ್ಯಾಂಪಾದಿಂದ ಮಯಾಮಿಗೆ ಟಮಯಾಮಿ ಟ್ರೇಲ್ ಎಂಬ ರಸ್ತೆ 1928ರಲ್ಲಿ ತೆರೆಯಿತು. ಎವರ್‌ಗ್ಲೇಡ್ಸ್ ಎಂಬ ವಿಶಾಲ ಜೌಗಿನಲ್ಲಿ ನೀರು ಉತ್ತರದಿಂದ ದಕ್ಷಿಣಕ್ಕೆ ನಿಧಾನವಾಗಿ ಹರಡಿ ಹರಿಯುತ್ತದೆ. ರಸ್ತೆ ಅದಕ್ಕೆ ಅಡ್ಡ ಮಲಗಿತು. ದಕ್ಷಿಣದ ಕಡೆ ಒಣಗತೊಡಗಿತು. ಹೆಚ್ಚು ಕಡಿಮೆ 85 ವರ್ಷ ಆದ ಮೇಲೆ, 2013ರಲ್ಲಿ, ಅದೇ ರಸ್ತೆಯ ಒಂದು ಮೈಲಿಯನ್ನು ಸೇತುವೆ ಮಾಡಿ ಎತ್ತಿದರು. ಆಮೇಲೆ ಇನ್ನೂ ಎರಡು ಮೈಲಿಗೂ ಜಾಸ್ತಿ ಎತ್ತಿದರು. ಮೊದಲೇ ಕಂಬದ ಮೇಲೆ ಕಟ್ಟಿದ್ದರೆ ಎಷ್ಟಾಗುತ್ತಿತ್ತೋ!

ದೂರದ ಉದಾಹರಣೆ ಬೇಡ ಅಂದರೆ ಇದೇ ಹೆದ್ದಾರಿ 66ರ ಮೇಲೆ ದಕ್ಷಿಣಕ್ಕೆ ಹೋಗಿ. ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ ಭತ್ತದ ಬಯಲಿನ ಮೇಲೆ ಮಣ್ಣು ಏರಿಸಿ ಮಾಡಿದ್ದ ಹೊಸ ರಸ್ತೆ 2025ರ ಮೇ ತಿಂಗಳಲ್ಲಿ ಕುಸಿಯಿತು. ಸರ್ವಿಸ್ ರಸ್ತೆಯೂ ಕೂತುಹೋಯಿತು. ಆಮೇಲೆ ಅಲ್ಲಿ ಕಂಬದ ಮೇಲಿನ ಮೇಲ್ಸೇತುವೆಯೇ ಆಗಬೇಕು ಎಂಬ ತೀರ್ಮಾನಕ್ಕೆ ಬಂದರು. ಮೆತ್ತನೆ ಜೇಡಿಯ ಮೇಲೆ ಭಾರ ಹೇರಿದರೆ ಅದು ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ. ಹಾಗಾಗಿ ನೆಲದ ಪರೀಕ್ಷೆ ಎಷ್ಟು ಆಳಕ್ಕೆ, ಎಷ್ಟು ಕಡೆ ಮಾಡಿದ್ದಾರೆ ಎಂದು ಕೇಳುವುದು ರಸ್ತೆ ವಿರೋಧಿಗಳ ಪ್ರಶ್ನೆ ಮಾತ್ರ ಅಲ್ಲ. ಆ ರಸ್ತೆಯಲ್ಲಿ ನಾಳೆ ಓಡಾಡುವವರ ಪ್ರಶ್ನೆಯೂ ಹೌದು.

ಮಣ್ಣು ಎಲ್ಲಿಂದ ಬರುತ್ತದೆ ಅಂತಲೂ ಕೇಳಿ. ಬುಡದಲ್ಲಿ 45 ಮೀಟರ್, ಮೇಲೆ 30 ಮೀಟರ್ ಅಗಲ, 3 ಮೀಟರ್ ಎತ್ತರದ ಏರಿಗೆ ಕಿಲೋಮೀಟರಿಗೆ 1,12,500 ಘನ ಮೀಟರ್ ಮಣ್ಣು ಬೇಕು. ಒಂದು ಟಿಪ್ಪರಿಗೆ 12 ಘನ ಮೀಟರ್ ಹಿಡಿದರೆ 9,375 ಲೋಡು. ಅಷ್ಟು ಮಣ್ಣನ್ನು ಯಾವುದೋ ಗುಡ್ಡದಿಂದಲೇ ತರಬೇಕಲ್ವಾ? ಗುಡ್ಡದ ಬುಡ ಕತ್ತರಿಸಿದ ಹೆದ್ದಾರಿ ಅಂಚಿನಲ್ಲಿ ಏನಾಗಬಹುದು ಅನ್ನುವುದನ್ನು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ನೋಡಿದ್ದೇವೆ. ಮಣ್ಣು ತೆಗೆಯುವ ಗುಡ್ಡ, ಟಿಪ್ಪರ್ ಓಡುವ ಹಳ್ಳಿ ರಸ್ತೆ, ದಾರಿಯ ಬದಿಯ ಬಾವಿ, ಎಲ್ಲವೂ ನಿಮ್ಮ ಪಟ್ಟಿಗೆ ಸೇರಲಿ.

3. ಪಹಣಿ ಇಲ್ಲದವರ ಪಟ್ಟಿ ಮಾಡಿ

ಜಮೀನು ಹೋಗುವವರ ಪಟ್ಟಿಯನ್ನು ಸರ್ಕಾರವೇ ಮಾಡುತ್ತದೆ. ಮಾಡದೇ ಬಿಡುವ ಪಟ್ಟಿ ಬೇರೆ ಇದೆ.

ಇಳಿತದ ಹೊತ್ತಿಗೆ ಅಳಿವೆಯ ದಂಡೆಗೆ ಹೋಗಿ ನಿಂತುಕೊಳ್ಳಿ. ನೀರು ಮೊಣಕಾಲಿಗೆ ಇಳಿಯುತ್ತಿದ್ದ ಹಾಗೆ ಹೆಂಗಸರು ಬುಟ್ಟಿ ಹಿಡಿದುಕೊಂಡು ಬರುತ್ತಾರೆ. ಬಗ್ಗಿ ಕೆಸರಿನೊಳಗೆ ಬೆರಳಾಡಿಸುತ್ತಾರೆ. ಕಣ್ಣು ಎಲ್ಲೋ, ಮಾತು ಎಲ್ಲೋ, ಬೆರಳಿಗೆ ಮಾತ್ರ ಬಳಚು ಯಾವುದು, ಖಾಲಿ ಚಿಪ್ಪು ಯಾವುದು ಗೊತ್ತು. ಎರಡು-ಮೂರು ತಾಸಿನಲ್ಲಿ ಬುಟ್ಟಿ ತುಂಬುತ್ತದೆ. ನೀರು ಏರುವ ಮೊದಲು ಎಲ್ಲರೂ ದಂಡೆಗೆ ಬಂದಾಗಿರುತ್ತದೆ. ಒಮ್ಮೆ ಅವರಲ್ಲಿ ಒಬ್ಬ ಅಜ್ಜಿಯನ್ನು ನಾನು ಸುಮ್ನೆ ಕೇಳಿದ್ದೆ, ಈ ಜಾಗದ ಸರ್ವೆ ನಂಬರ್ ಎಷ್ಟು ಎಂದು. ಅವರು ನಕ್ಕು ಬುಟ್ಟಿ ತೊಳೆಯುವುದನ್ನು ಮುಂದುವರಿಸಿದರು. ಪ್ರಶ್ನೆ ಎಷ್ಟು ಪೆದ್ದು ಅಂತ ನನಗೇ ಆಮೇಲೆ ಅನಿಸಿತು.

ಇವರ ನಷ್ಟವನ್ನು ಲೆಕ್ಕಕ್ಕೆ ತರುವುದು ಹೀಗೆ. ಒಂದು ತಿಂಗಳು, ವಾರಕ್ಕೆ ಎರಡು ದಿನ ದಂಡೆಗೆ ಹೋಗಿ ತಲೆ ಎಣಿಸಿ. ಎಷ್ಟು ಬುಟ್ಟಿ, ಏನು ಬೆಲೆ, ಮನೆಗೆ ಎಷ್ಟು ಇಟ್ಟುಕೊಂಡರು ಎಂದು ಕೇಳಿ ಬರೆಯಿರಿ. ಉದಾಹರಣೆಗೆ ಒಬ್ಬರಿಗೆ ದಿನಕ್ಕೆ 300 ರೂಪಾಯಿ, ವರ್ಷಕ್ಕೆ 150 ದಿನ, 40 ಜನ ಎಂದು ಹಿಡಿಯೋಣ. ವರ್ಷಕ್ಕೆ 18 ಲಕ್ಷ ರೂಪಾಯಿ. 30 ವರ್ಷಕ್ಕೆ, ಬೆಲೆ ಏರುವುದೇ ಇಲ್ಲ ಅಂದುಕೊಂಡರೂ, 5 ಕೋಟಿ 40 ಲಕ್ಷ. ಇವು ಲೆಕ್ಕದ ದಾರಿ ತೋರಿಸಲು ನಾನು ಹಿಡಿದ ಅಂಕಿಗಳು. ನಿಮ್ಮೂರಿನದನ್ನು ನೀವೇ ಎಣಿಸಬೇಕು. ಮನೆಗೆ ತಿನ್ನಲು ಒಯ್ದದ್ದನ್ನೂ ಬಿಡಬೇಡಿ. ಅದನ್ನು ಪೇಟೆಯಲ್ಲಿ ಕೊಂಡರೆ ಎಷ್ಟಾಗುತ್ತಿತ್ತೋ ಅಷ್ಟು ಬೆಲೆ ಹಾಕಿ.

ಇದೇ ರೀತಿ ಗಾಳ ಹಾಕುವವರು, ಸಿಗಡಿಗೆ ಬಲೆ ಕಟ್ಟುವವರು, ಗದ್ದೆ ಗೇಣಿಗೆ ಮಾಡುವವರು, ನಾಟಿ-ಕೊಯ್ಲಿಗೆ ಕೂಲಿಗೆ ಬರುವವರು, ದನ ಮೇಯಿಸುವವರು, ಹುಲ್ಲು ಕೊಯ್ಯುವವರು. ಚಿಪ್ಪು ಆರಿಸುವವರೂ ಇದ್ದಾರೆ. ಪ್ರತಿ ಗುಂಪಿಗೂ ಒಂದೊಂದು ಹಾಳೆ ಇಡಿ.

ಇನ್ನೊಂದು ವಿಷಯಕ್ಕೆ ಎಚ್ಚರ ಬೇಕು. ಪೇಟೆಯ ನಡುವೆ ರಸ್ತೆ ಅಗಲ ಮಾಡಿದರೆ ನೂರು ಮನೆ-ಅಂಗಡಿ ಹೋಗುತ್ತವೆ, ಗದ್ದೆ ಮೇಲೆ ಬೈಪಾಸ್ ಮಾಡಿದರೆ ಹತ್ತೇ ಮನೆ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಕಣ್ಣೂರು ಜಿಲ್ಲೆಯ ತಳಿಪರಂಬ ಬೈಪಾಸ್‌ಗಾಗಿ ಕೀಳಾಟ್ಟೂರಿನ ಭತ್ತದ ಬಯಲು ಆರಿಸಿಕೊಂಡಾಗಲೂ ಇದೇ ವಾದ ಇತ್ತು. 'ವಯಲ್‌ಕಿಳಿಗಳ್' ಅಂದರೆ ಗದ್ದೆ ಹಕ್ಕಿಗಳು ಎಂದು ಹೆಸರಿಟ್ಟುಕೊಂಡು ಅಲ್ಲಿನ ಜನ 2017-18ರಲ್ಲಿ ಬಯಲಲ್ಲೇ ಕೂತು ಹೋರಾಡಿದರು. ಅವರಲ್ಲಿ ಹಲವರು ಆಳುವ ಪಕ್ಷದ ಕಾರ್ಯಕರ್ತರೇ ಆಗಿದ್ದರು. ಕೊನೆಗೆ ಜಮೀನು ಹೋಯಿತು. ಹತ್ತು ಮನೆಯ ವಾದ ಪೂರ್ತಿ ಸುಳ್ಳಲ್ಲ, ಮನೆ ಕಳೆದುಕೊಳ್ಳುವುದು ಸಣ್ಣ ಮಾತೂ ಅಲ್ಲ. ಆದರೆ ಜೌಗಿನಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ಮನೆ ಎಣಿಸಿಯೇ ನಷ್ಟ ಅಳೆದರೆ ಪ್ರತಿ ಸಲವೂ ಜೌಗೇ ಅಗ್ಗ ಅನಿಸುತ್ತದೆ.

ಊರು ಎರಡು ಹೋಳಾಗುವುದನ್ನೂ ಅಳೆಯಿರಿ. ಶಾಲೆ ಆ ಕಡೆ, ಮನೆ ಈ ಕಡೆ ಆದರೆ ದಾಟಲು ಎಷ್ಟು ಸುತ್ತು? ದನ ಎಲ್ಲಿ ದಾಟಬೇಕು? ದೋಣಿ ಸೇತುವೆಯ ಅಡಿಯಲ್ಲಿ ಉಬ್ಬರದ ಹೊತ್ತಲ್ಲೂ ಹೋಗುತ್ತದಾ? ಮಗುವಿನ ಜೊತೆ ನಡೆದೇ ನೋಡಿ, ನಿಮಿಷ ಬರೆಯಿರಿ.

4. ಲಾಭವನ್ನೂ ಅಷ್ಟೇ ನಿಯತ್ತಾಗಿ ಬರೆಯಿರಿ

ಇಲ್ಲಿ ನಮ್ಮ ಕಡೆಯವರು ಎಡವುವುದು ಜಾಸ್ತಿ. ಉತ್ತರ ಕನ್ನಡದವರಿಗೆ ತಲೆಗೆ ಪೆಟ್ಟಾದರೆ, ಹೃದಯ ಕೈಕೊಟ್ಟರೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕು. ಅರ್ಧ ಗಂಟೆ ಉಳಿದರೆ ಒಂದು ಜೀವ ಉಳಿಯುತ್ತದೆ. ಹಳೆ ರಸ್ತೆಯ ತಿರುವುಗಳಲ್ಲಿ ಸತ್ತವರ ಲೆಕ್ಕ ಪೊಲೀಸ್ ಠಾಣೆಯಲ್ಲಿ ಇರುತ್ತದೆ, ಮಾಹಿತಿ ಹಕ್ಕಿನಲ್ಲಿ ಕೇಳಿ ತೆಗೆದುಕೊಳ್ಳಿ. ಮೀನಿನ ಲಾರಿ ಬೇಗ ಹೋದರೆ ಐಸಿನ ಖರ್ಚು ಕಡಿಮೆ. ಇವೆಲ್ಲ ನಿಜವಾದ ಲಾಭ.

ಬರೆದ ಮೇಲೆ ಪ್ರತಿ ಲಾಭದ ಮುಂದೆಯೂ ಎರಡು ಪ್ರಶ್ನೆ ಹಾಕಿ. ಈ ಲಾಭ ಯಾರಿಗೆ? ಜೌಗಿನ ಮೇಲೆ ಹೋಗದ ರಸ್ತೆಯಿಂದಲೂ ಇದು ಸಿಗುತ್ತದಾ? ಆಂಬುಲೆನ್ಸ್ ಬೇಗ ಹೋಗುವುದು ರಸ್ತೆಯಿಂದ. ಅದು ಗಜನಿಯ ಮೇಲೆಯೇ ಹೋಗಬೇಕು ಅಂತ ಆಂಬುಲೆನ್ಸ್ ಕೇಳುವುದಿಲ್ಲ.

5. ಬೇರೆ ದಾರಿಗಳನ್ನು ಒಂದೇ ಅಳತೆಯಲ್ಲಿ ಇಡಿ

ಕನಿಷ್ಠ ನಾಲ್ಕು ಸಾಲು ಬೇಕು: ಈಗಿನ ರಸ್ತೆಯನ್ನೇ ಸರಿಮಾಡುವುದು, ಈಗಿನ ಗೆರೆಯಲ್ಲೇ ಅಗಲ ಮಾಡುವುದು, ಜೌಗಿನ ಅಂಚು ಸುತ್ತಿ ಹೋಗುವುದು, ಜೌಗಿನ ಮೇಲೆ ಕಂಬದಲ್ಲಿ ಹೋಗುವುದು. ಪ್ರತಿ ಸಾಲಿಗೂ ಮೇಲಿನ ನಾಲ್ಕೂ ಹೆಜ್ಜೆಯ ಅಂಕಿ ತುಂಬಿ. ಕಂಬದ ಮೇಲೆ ಹೋಗುವುದು ದುಬಾರಿ ಎಂದು ಹೇಳಿದರೆ, ಹೌದು, ಕಟ್ಟುವ ದಿನಕ್ಕೆ ದುಬಾರಿ. ಮಣ್ಣಿನ ಏರಿಯ ಲೆಕ್ಕಕ್ಕೆ ಕುಸಿತ, ದುರಸ್ತಿ, ನೆರೆ ಪರಿಹಾರ, ಬಳಚಿನ ನಷ್ಟ ಸೇರಿಸಿ ಆಮೇಲೆ ಹೋಲಿಸಿ ಎಂದು ಕೇಳಿ. ಕಂಬವೂ ಪೂರ್ತಿ ನಿರಪಾಯ ಅಲ್ಲ. ಕಟ್ಟುವಾಗ ಹಾಕುವ ತಾತ್ಕಾಲಿಕ ಮಣ್ಣಿನ ದಾರಿಯನ್ನು ಕೆಲಸ ಮುಗಿದ ಮೇಲೆ ತೆಗೆಯುತ್ತಾರಾ ಎಂದು ಬರವಣಿಗೆಯಲ್ಲೇ ಕೇಳಬೇಕು. ಇದನ್ನು ಮರೆತರೆ ಕಂಬವೂ ಇರುತ್ತದೆ, ಅಡಿಯಲ್ಲಿ ಅಣೆಕಟ್ಟೂ ಇರುತ್ತದೆ.

ಹೋಲಿಕೆ ಎಷ್ಟು ಕಷ್ಟ ಅನ್ನುವುದಕ್ಕೆ ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದ ಕಥೆ ಹೇಳಬೇಕು. ಅಲ್ಲಿನ ವಕರೂಸ ಜೌಗಿನ ಮೇಲೆ ಹೆದ್ದಾರಿ ಹಾಕುವ ವಿಚಾರ ದಶಕಗಟ್ಟಲೆ ಎಳೆಯಿತು. ವಕರೂಸ ನದಿಯ ಉತ್ತರಕ್ಕೆ ಜೌಗಿನ ಮೇಲೆ ಒಂದು ಗೆರೆ, ನದಿಯ ದಕ್ಷಿಣಕ್ಕೆ ಇನ್ನೊಂದು ಗೆರೆ. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಉತ್ತರದ ಗೆರೆಗೆ ಅಡ್ಡಿ ಮಾಡಲಿಲ್ಲ, 2016ರಲ್ಲಿ ರಸ್ತೆ ತೆರೆಯಿತು. ಸುಮಾರು 56 ಎಕರೆ ಜೌಗು ಮುಚ್ಚಿದರು, ಬದಲಿಗೆ 300 ಎಕರೆಗೂ ಜಾಸ್ತಿ ಹೊಸ ಜೌಗು ಮಾಡಿದರು. ಎಕರೆ ಲೆಕ್ಕದಲ್ಲಿ ನೋಡಿದರೆ ಲಾಭವೇ! ಆದರೆ ಪಕ್ಕದಲ್ಲೇ ಹ್ಯಾಸ್ಕೆಲ್ ವಿದ್ಯಾಸಂಸ್ಥೆ ಇದೆ. ಅಮೆರಿಕದ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಇಡುವ ಶಾಲೆಯಾಗಿ ಅದು 1884ರಲ್ಲಿ ಶುರುವಾಯಿತು. ಆ ಮಕ್ಕಳು ಕದ್ದು ತಮ್ಮವರನ್ನು ಕಾಣುತ್ತಿದ್ದದ್ದು, ತಮ್ಮ ಭಾಷೆ, ತಮ್ಮ ಆಚರಣೆ ಉಳಿಸಿಕೊಂಡದ್ದು ಇದೇ ಜೌಗಿನಲ್ಲಿ ಎಂದು ಆ ಸಮುದಾಯದವರು ಹೇಳುತ್ತಾರೆ. ಅದನ್ನು ಹೊಸ 300 ಎಕರೆಗೆ ಸ್ಥಳಾಂತರ ಮಾಡುವುದು ಹೇಗೆ?

ನಿಮ್ಮ ಊರಿನಲ್ಲೂ ಇಂಥದ್ದು ಇರುತ್ತದೆ. ಜಟಕನ ಕಲ್ಲು, ನಾಗಬನ, ಹೊಸ್ತು ತರುವ ಗದ್ದೆ. ಇವಕ್ಕೆ ರೂಪಾಯಿ ಹಾಕಲು ಹೋಗಬೇಡಿ. ಹೆಸರು, ಜಾಗ, ಯಾವಾಗ ಯಾರು ಬರುತ್ತಾರೆ, ಇಷ್ಟನ್ನು ಬರೆದು ಬೇರೆ ಹಾಳೆಯಲ್ಲಿ ಇಡಿ.

6. ವರದಿ ಓದುವಾಗ ನೇರವಾಗಿ ಎಲ್ಲಿಗೆ ಹೋಗಬೇಕು

ಹೊಸ ರಾಷ್ಟ್ರೀಯ ಹೆದ್ದಾರಿಗೆ 2006ರ ಅಧಿಸೂಚನೆಯಂತೆ ಪರಿಸರ ಪರಿಣಾಮ ವರದಿ ಬೇಕು. ಇರುವ ಹೆದ್ದಾರಿಯನ್ನು ಅಗಲ ಮಾಡುವುದಾದರೆ 2013ರ ತಿದ್ದುಪಡಿ ಬೇರೆ ಮಿತಿ ಇಟ್ಟಿದೆ. ವರದಿ ಬೇಕಾಗಲು ಉದ್ದ 100 ಕಿಲೋಮೀಟರ್ ಮೀರಬೇಕು, ಜೊತೆಗೆ ಹೆಚ್ಚುವರಿ ಜಾಗ ಈಗಿನ ಗೆರೆಯಲ್ಲಿ 40 ಮೀಟರ್, ಬೈಪಾಸ್‌ನಲ್ಲಿ 60 ಮೀಟರ್ ಮೀರಬೇಕು. ಆದ್ದರಿಂದ ಯೋಜನೆಯನ್ನು ಎಷ್ಟು ಉದ್ದದ ತುಂಡು ಮಾಡಿದ್ದಾರೆ ಎಂದು ಮೊದಲು ನೋಡಿ.

ವರದಿ ನೂರಾರು ಪುಟ ಇರುತ್ತದೆ. ಹೆದರಬೇಡಿ. ಮೊದಲು ಮಾದರಿ ಸಂಗ್ರಹಿಸಿದ ತಿಂಗಳು ಹುಡುಕಿ. ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು ಎಂಬ ಪದ್ಧತಿ ಇದೆ. ಮಾರ್ಚಿನಿಂದ ಮೇ ಒಳಗೆ ಬಂದು ಹೋದವರಿಗೆ ಕಗ್ಗವೂ ಕಾಣುವುದಿಲ್ಲ, ನೆರೆಯೂ ಕಾಣುವುದಿಲ್ಲ. ಚಳಿಗಾಲದ ವಲಸೆ ಹಕ್ಕಿಗಳು ಬಹುಪಾಲು ವಾಪಸ್ ಹೊರಟಿರುತ್ತವೆ. ಕೋಲಿನ ಫೋಟೊಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಆಮೇಲೆ ಪ್ರಾಣಿ-ಪಕ್ಷಿ ಪಟ್ಟಿ. ನಮ್ಮ ಪಕ್ಕದ ತಾಲ್ಲೂಕಿನ ಒಂದು ಯೋಜನೆಯ ಪಟ್ಟಿಯಲ್ಲಿ ಕಾಗೆ, ಗುಬ್ಬಿ, ಮೈನಾ, ನಾಯಿ ಇಷ್ಟೇ ಬರೆದದ್ದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೀನಿನ ಹೆಸರೇ ಇರಲಿಲ್ಲ. ನೀವೇ ಕಂಡ ಹಕ್ಕಿ, ಮೀನು, ನೀರುನಾಯಿ ಏನೇ ಇದ್ದರೂ ತಿಂಗಳ ಪ್ರಕಾರ ಪಟ್ಟಿ ಮಾಡಿ ಲಗತ್ತಿಸಿ. ಮೋರಿಗಳ ಪಟ್ಟಿ ಎಷ್ಟನೇ ಕಿಲೋಮೀಟರಿನಲ್ಲಿ, ಎಷ್ಟು ಅಗಲ, ತಳ ಎಷ್ಟು ಎತ್ತರ ಎಂದು ಹೇಳುತ್ತದಾ ನೋಡಿ. ಪರ್ಯಾಯಗಳ ಅಧ್ಯಾಯ ಎಷ್ಟು ಪುಟ ಇದೆ ಎಂದು ಎಣಿಸಿ. ಒಂದೂವರೆ ಪುಟ ಇದ್ದರೆ ಪರ್ಯಾಯ ಹುಡುಕಿಲ್ಲ ಅಂತಲೇ ಅರ್ಥ.

7. ತೂಗುವಾಗ ಒಟ್ಟು ಕೂಡಿಸಬೇಡಿ

ವರದಿಗಳಲ್ಲಿ ಒಂದು ಚೌಕದ ಕೋಷ್ಟಕ ಇರುತ್ತದೆ. ಗಾಳಿಗೆ ಮೈನಸ್ 2, ಉದ್ಯೋಗಕ್ಕೆ ಪ್ಲಸ್ 5, ಮೀನಿಗೆ ಮೈನಸ್ 1, ಕೊನೆಗೆ ಒಟ್ಟು ಪ್ಲಸ್. ಈ ಅಂಕ ಕೊಟ್ಟವರು ಯಾರು? ಮೀನಿಗೆ ಒಂದೇ ಅಂಕ ಕಳೆಯಬೇಕು ಎಂದು ಬಳಚು ಹೆಕ್ಕುವವರನ್ನು ಕೇಳಿದ್ದರಾ? ಒಬ್ಬರ ಉಳಿದ ಅರ್ಧ ಗಂಟೆಯಿಂದ ಇನ್ನೊಬ್ಬರ ಊಟವನ್ನು ಕಳೆಯುವ ಲೆಕ್ಕ ನನಗಂತೂ ಸರಿ ಕಾಣುವುದಿಲ್ಲ.

ನನ್ನ ರೂಢಿ ಬೇರೆ. ದೊಡ್ಡ ಕಾಗದದ ಮೇಲೆ ಪ್ರತಿ ಪರಿಣಾಮಕ್ಕೂ ಮೂರು ವಿಷಯ ಬರೆಯುತ್ತೇನೆ. ಯಾರಿಗೆ, ಎಷ್ಟು ವರ್ಷ, ತಿರುಗಿ ಸರಿಮಾಡಲು ಬರುತ್ತದಾ. ಧೂಳು ಎರಡು ವರ್ಷದ್ದು, ಸರಿಹೋಗುತ್ತದೆ. ಮನೆ ಹೋದರೆ ಕಷ್ಟ, ಆದರೆ ಸರಿಯಾದ ಪರಿಹಾರ ಮತ್ತು ಜಾಗ ಕೊಟ್ಟರೆ ಮತ್ತೆ ಕಟ್ಟಬಹುದು. ಉಬ್ಬರ-ಇಳಿತದ ದಾರಿ ಮುಚ್ಚಿದರೆ ಅದರ ಮೇಲ್ಗಡೆಯ ಎಲ್ಲ ಗಜನಿಗೂ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತಟ್ಟುತ್ತದೆ. ಸರಿಮಾಡಲು ಬಾರದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ಬರೆಯಿರಿ. ಮೊದಲು ಕೆಂಪನ್ನು ತಪ್ಪಿಸುವ ದಾರಿ ಕೇಳಿ. ತಪ್ಪಿಸಲು ಆಗದಿದ್ದರೆ ಕಡಿಮೆ ಮಾಡುವುದು. ಪರಿಹಾರದ ಮಾತು ಕೊನೆಗೆ. ನಮ್ಮಲ್ಲಿ ಸಭೆ ಶುರುವಾಗುವುದೇ ಗುಂಟೆಗೆ ಎಷ್ಟು ಅನ್ನುವುದರಿಂದ. ಆಗಲೇ ಅರ್ಧ ಸೋತ ಹಾಗೆ.

8. ದಿನಾಂಕಗಳು

ಲೆಕ್ಕ ಎಷ್ಟು ಚೆನ್ನಾಗಿದ್ದರೂ ತಡವಾದರೆ ಯಾರೂ ಓದುವುದಿಲ್ಲ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಅಧಿಸೂಚನೆ, ಅಂದರೆ ಈ ಜಮೀನು ಬೇಕು ಎಂಬ ಪ್ರಕಟಣೆ, ಬಂದರೆ ಆಕ್ಷೇಪಣೆಗೆ 21 ದಿನ ಮಾತ್ರ. ಅದೂ ಆ ಜಮೀನಿನಲ್ಲಿ ಹಿತಾಸಕ್ತಿ ಇರುವವರಿಗೆ. ಬಳಚಿನ ಅಜ್ಜಿಗೆ ಇಲ್ಲಿ ಜಾಗ ಸಿಗುವುದು ಕಷ್ಟ.

ಅವರಿಗೆ ಬಾಗಿಲು ತೆರೆಯುವುದು ಪರಿಸರದ ಸಾರ್ವಜನಿಕ ಅಹವಾಲು ಸಭೆಯಲ್ಲಿ. ಅದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಡಿಸುತ್ತದೆ, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸ್ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಸಭೆಯ ವಿಡಿಯೊ ಮಾಡಬೇಕು. ಇಷ್ಟೇ ಜನ ಬರಬೇಕೆಂಬ ಕೋರಂ ಇಲ್ಲ, ಹಾಗಾಗಿ ಹತ್ತೇ ಜನ ಬಂದರೂ ಸಭೆ ಆಯಿತು ಅಂತಲೇ ಲೆಕ್ಕ. ಹೊಸದಾಗಿ ಜಮೀನು ತೆಗೆದುಕೊಳ್ಳದೆ ರಸ್ತೆ ಅಗಲ ಮಾಡುವುದಾದರೆ ಈ ಸಭೆಯಿಂದ ವಿನಾಯಿತಿ ಇದೆ, ಅದು ನೆನಪಿರಲಿ.

ಸಭೆ ಎಷ್ಟು ಗಂಟೆಗೆ ಎಂದು ನೋಡಿ, ಪಂಚಾಂಗದಲ್ಲಿ ಆ ದಿನದ ತಿಥಿಯನ್ನೂ ನೋಡಿ. ಇಳಿತದ ಹೊತ್ತಿಗೆ ಸಭೆ ಇಟ್ಟರೆ ಬಳಚು ಹೆಕ್ಕುವ ಹೆಂಗಸರು ಬರುವುದಿಲ್ಲ. ಬಂದರೆ ಆ ದಿನದ ದುಡಿಮೆ ಹೋಯಿತು. ಸಮಯ ಬದಲಿಸಿ ಎಂದು ಲಿಖಿತವಾಗಿ ಕೇಳಬಹುದು. ಆಗದಿದ್ದರೆ ಅವರ ಹಾಳೆಗಳಿಗೆ ಅವರ ಹೆಬ್ಬೆಟ್ಟೋ ಸಹಿಯೋ ಹಾಕಿಸಿ ಮೊದಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಮೈಕ್ ಸಿಕ್ಕಾಗ ಐದು ನಿಮಿಷಕ್ಕಿಂತ ಜಾಸ್ತಿ ಮಾತಾಡಬೇಡಿ. ಒಬ್ಬರು ನೀರು, ಒಬ್ಬರು ಬಳಚು, ಒಬ್ಬರು ಮೋರಿ, ಹೀಗೆ ಹಂಚಿಕೊಳ್ಳಿ. ಹೇಳಿದ್ದು ನಡಾವಳಿಯಲ್ಲಿ ಬಂತಾ ಎಂದು ಆಮೇಲೆ ತೆಗೆದು ನೋಡಿ.

ಅನುಮತಿ ಸಿಕ್ಕಿಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿಗೆ 30 ದಿನ. ಸರಿಯಾದ ಕಾರಣ ಇದ್ದರೆ ಇನ್ನು 60 ದಿನ ಸಿಗಬಹುದು. ಅದಾದ ಮೇಲೆ ಬಾಗಿಲು ಮುಚ್ಚಿದ ಹಾಗೆ. ಅನುಮತಿ ಪತ್ರದ ಷರತ್ತುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಓದಬಹುದು. ಷರತ್ತುಗಳನ್ನು ಪಾಲಿಸಿದ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು.

ರಸ್ತೆ ಬಂದರೂ ಬಿದಿರಿನ ಕೋಲುಗಳನ್ನು ಕೀಳಬೇಡಿ. ಮೊದಲ ಮಳೆಗಾಲದಲ್ಲಿ ಅದೇ ಅಮಾವಾಸ್ಯೆ, ಅದೇ ಹುಣ್ಣಿಮೆಗೆ ಅದೇ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ. ಮೊದಲು ಆರು ತಾಸಿನಲ್ಲಿ ಇಳಿಯುತ್ತಿದ್ದ ನೀರು ಈಗ ಎರಡು ದಿನ ನಿಂತಿದೆ ಎಂದು ಹಳೆ ನೋಟ್‌ಬುಕ್ ಪಕ್ಕದಲ್ಲಿ ಇಟ್ಟು ತೋರಿಸಿದರೆ, ಇನ್ನೊಂದು ಮೋರಿ ಹಾಕಿಸುವುದು ಆಗಲೂ ಸಾಧ್ಯ.